ನಾಗನೂರಿನ ಹಗೇವು ಮತ್ತು ನಮ್ಮ ದೆವ್ವದ ಸಿನಿಮಾ

ಇದನ್ನು ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತ ಬಂದಿದ್ದೇನೆ. ಪ್ರತಿಸಲವೂ ಒಂದು ನೆಪ ಸಿಕ್ಕಿದೆ. ಮೊದಲು, ನಮ್ಮ ಮಾಲೀಕರು ಬದುಕಿದ್ದಾರೆ, ಅವರಿಗೆ ಬೇಸರವಾದೀತು ಎಂದೆ. ಅವರು ತೀರಿಕೊಂಡ ಮೇಲೆ, ಸತ್ತವರ ವಿಷಯ ಯಾಕೆ ಎಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಎಂದೆ. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿವೆ. ಹೇಳಿಕೊಳ್ಳಲು ನೆಪ ಉಳಿದಿಲ್ಲ.

ರಾಜ್ಯ ಒಂದಾಗಿ ಕೆಲವು ವರ್ಷಗಳಾಗಿದ್ದವು. ನಾನು ಗೋಕಾಕದ ಒಬ್ಬ ಮಾಲೀಕರ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಗೋಕಾಕ, ಹುಕ್ಕೇರಿ, ಮೂಡಲಗಿ, ಹೀಗೆ ಊರಿಂದ ಊರಿಗೆ ತಂಬು ಹೊತ್ತು ತಿರುಗುವುದು ನಮ್ಮ ಕೆಲಸ. ಮ್ಯಾಟ್ರಿಕ್ ಪಾಸಾಗಿದ್ದವನು ನಾನೊಬ್ಬನೇ ಆದ್ದರಿಂದ ಎಲ್ಲರೂ ನನ್ನನ್ನು ‘ಮ್ಯಾಟ್ರಿಕ್’ ಎಂದೇ ಕರೆಯುತ್ತಿದ್ದರು. ನಮಗೆ ಸಿಗುತ್ತಿದ್ದವು ಎಲ್ಲ ಕಡೆ ಓಡಿ ಸವೆದ ಹಳೆಯ ಪ್ರಿಂಟುಗಳು. ಅವುಗಳಲ್ಲಿ ದೆವ್ವದ ಚಿತ್ರ ಬಂದಾಗ ಮಾತ್ರ ತಂಬು ತುಂಬುತ್ತಿತ್ತು.

“ಮಂದಿ ದೇವರ ಪಿಚ್ಚರಿಗೆ ಕೈ ಮುಗಿತಾರ, ದೆವ್ವದ ಪಿಚ್ಚರಿಗೆ ತಿಕೀಟು ತಗಸ್ತಾರ. ನಾವ ಒಂದು ದೆವ್ವಾ ತಯಾರು ಮಾಡೂಣು,” ಎಂದು ಮಾಲೀಕರು ಒಂದು ದಿನ ಹೇಳಿದರು. ನಾವು ನಕ್ಕೆವು. ಅವರು ನಗಲಿಲ್ಲ.

ಕೊಲ್ಲಾಪುರದ ಸ್ಟುಡಿಯೋಗಳಲ್ಲಿ ದುಡಿದು ಮನೆಗೆ ಕೂತಿದ್ದ ಒಬ್ಬ ಹಿರಿಯ ಕ್ಯಾಮೆರಾಮನ್ನನ್ನು ಕರೆಸಿದರು. ಗಡಿಯಾರದಂತೆ ಚಾವಿ ಕೊಟ್ಟರೆ ಓಡುವ ಒಂದು ಸಣ್ಣ ಹಳೆಯ ಕ್ಯಾಮೆರಾ ಅವರದೇ ಸ್ವಂತದ್ದಿತ್ತು. ಬೇರೆ ಕಂಪನಿಗಳು ಉಳಿಸಿದ ತುಂಡು ಫಿಲ್ಮುಗಳನ್ನು ಅವರು ಸಂಗ್ರಹಿಸಿಕೊಂಡು ಬಂದರು. ನಾಟಕ ಕಂಪನಿಯೊಂದು ಒಡೆದು ಕೆಲಸವಿಲ್ಲದೆ ಇದ್ದ ನಟಿಯೊಬ್ಬಳು ದೆವ್ವವಾಗಲು ಒಪ್ಪಿದಳು. ಉಳಿದ ಪಾತ್ರಗಳಿಗೆ ತಂಬಿನ ಕೆಲಸಗಾರರು ಇದ್ದರು. ಆಸ್ತಿಗಾಗಿ ಕೊಂದ ಸೊಸೆ ದೆವ್ವವಾಗಿ ಬಂದು ಸೇಡು ತೀರಿಸಿಕೊಳ್ಳುವುದು ಕಥೆ. ಮಾತು ಮತ್ತು ಸದ್ದು ಆಮೇಲೆ ಕೊಲ್ಲಾಪುರದಲ್ಲಿ ಸೇರಿಸುವುದೆಂದು ಠರಾವಾಯಿತು.

ನಮ್ಮಲ್ಲಿ ದೀಪಗಳಿರಲಿಲ್ಲ. ಅದಕ್ಕಾಗಿ ರಾತ್ರಿಯ ದೃಶ್ಯಗಳನ್ನೆಲ್ಲ ಉರಿಬಿಸಿಲಿನಲ್ಲಿಯೇ ತೆಗೆದೆವು. ಕ್ಯಾಮೆರಾದ ಮುಂದೆ ಒಂದು ಕೆಂಪು ಗಾಜು ಹಾಕಿದರೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ನೀಲಿ ಆಕಾಶ ಕಪ್ಪಾಗುತ್ತದೆ. ಬಿಸಿಲು ಬೆಳದಿಂಗಳಿನಂತೆ ಕಾಣುತ್ತದೆ. ಇದನ್ನು ಕ್ಯಾಮೆರಾಮನ್ ನನಗೆ ಮೊದಲ ದಿನವೇ ತೋರಿಸಿದರು. ನಾನು ಆ ಗಾಜನ್ನು ಕಣ್ಣಿಗೆ ಹಿಡಿದು ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ನೋಡಿದ್ದು ಇನ್ನೂ ನೆನಪಿದೆ. ಅವರ ಜೊತೆ ಕೊಲ್ಲಾಪುರಕ್ಕೆ ಹೋಗಿ ಈ ವಿದ್ಯೆ ಕಲಿಯಬೇಕೆಂಬ ಆಸೆ ಅಲ್ಲಿಯೇ ಹುಟ್ಟಿತು. ಅವರೂ ಒಂದು ಸಲ, “ಪಿಚ್ಚರ್ ನಡೀತಂದ್ರ ನಿನ್ನ ಕರಕೊಂಡು ಹೋಗ್ತೇನಿ, ಫೇಲಾತಂದ್ರ ನನ್ನ ಯಾರು ಕೇಳ್ತಾರ?” ಎಂದರು.

ಹುಕ್ಕೇರಿಯಲ್ಲಿ ದೆವ್ವವನ್ನು ಪಾರದರ್ಶಕವಾಗಿ ತೋರಿಸುವ ಪ್ರಯತ್ನ ಮಾಡಿದೆವು. ಮೊದಲು ಖಾಲಿ ಗುಮ್ಮಟವನ್ನು ತೆಗೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಕರಿಬಟ್ಟೆಯ ಮುಂದೆ ನಿಂತ ನಟಿಯನ್ನು ಅದರ ಮೇಲೆಯೇ ಮತ್ತೊಮ್ಮೆ ತೆಗೆದೆವು. ಕೊಲ್ಲಾಪುರದಲ್ಲಿ ತೊಳೆದು ಬಂದ ತುಣುಕನ್ನು ತಂಬಿನಲ್ಲಿ ಹಾಕಿ ನೋಡಿದರೆ ದೆವ್ವ ಒಂದು ಕಡೆ ನಡುಗುತ್ತಿತ್ತು, ಗುಮ್ಮಟ ಇನ್ನೊಂದು ಕಡೆ.

“ಏನೋ ಇದು, ದೆವ್ವಕ್ಕ ಥಂಡಿಜ್ವರ ಬಂದಂಗ ಐತಲ್ಲೋ!” ಎಂದರು ಮಾಲೀಕರು.

“ಗುಮ್ಮಟಕ್ಕೂ ಬಂದೈತ್ರಿ ಮಾಲಕರ, ಇಬ್ಬರಿಗೂ ಕೂಡೇ ಔಷಧ ಕೊಡ್ರಿ,” ಎಂದಳು ನಟಿ.

ಕ್ಯಾಮೆರಾಮನ್ ತಲೆ ತಗ್ಗಿಸಿದರು. ಕ್ಯಾಮೆರಾದ ಹಲ್ಲುಗಳು ಸವೆದಿದ್ದವು. ಫಿಲ್ಮು ಎರಡು ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಈ ಕ್ಯಾಮೆರಾದಿಂದ ಎರಡು ಚಿತ್ರ ಬೆರೆಸುವುದು ಸಾಧ್ಯವೇ ಇರಲಿಲ್ಲ. ಅಷ್ಟು ತಿಳಿಯುವ ಹೊತ್ತಿಗೆ ಫಿಲ್ಮು ಬಹುತೇಕ ಮುಗಿದಿತ್ತು. ಚಿತ್ರದ ಕೊನೆಗೆ ದೆವ್ವ ಕಾಣಿಸಲೇಬೇಕು, ಅದು ಒಂದೇ ಸಲ ತೆಗೆಯುವ ದೃಶ್ಯವಾಗಿರಬೇಕು.

ಮರುದಿನ ಚಹಾ ಕುಡಿಯುತ್ತ ಕ್ಯಾಮೆರಾಮನ್ ಉಪಾಯ ಹೇಳಿದರು. ಕ್ಯಾಮೆರಾವನ್ನು ತಲೆಕೆಳಗಾಗಿ ಕಟ್ಟಿ ದೃಶ್ಯ ತೆಗೆಯುವುದು. ಆಮೇಲೆ ಆ ತುಂಡನ್ನು ಕೊನೆಯ ತುದಿಯಿಂದ ತಿರುಗಿಸಿ ಜೋಡಿಸಿದರೆ ಚಿತ್ರ ನೆಟ್ಟಗಾಗುತ್ತದೆ, ಆದರೆ ನಡೆದದ್ದೆಲ್ಲ ಹಿಂದುಮುಂದಾಗಿ ಓಡುತ್ತದೆ. ನಟಿ ನಿಧಾನವಾಗಿ ಒಂದು ಕುಣಿಯೊಳಗೆ ಇಳಿದರೆ, ಪರದೆಯ ಮೇಲೆ ಕೈ ಊರದೆ, ಕಾಲು ಎತ್ತದೆ, ನೆಲದೊಳಗಿಂದ ಎದ್ದು ಬರುತ್ತಾಳೆ.

“ಕುಣಿ ಹುಡುಕು ಮ್ಯಾಟ್ರಿಕ್,” ಎಂದರು.

ಬಾವಿಗಳನ್ನು ನೋಡಿದೆ. ಎಲ್ಲದರಲ್ಲೂ ನೀರು, ಇಲ್ಲವೇ ಬಾಯಿ ಅಗಲ. ಸೈಕಲ್ ಮೇಲೆ ಮೂಡಲಗಿಯ ಕಡೆಯ ಹಳ್ಳಿಗಳನ್ನು ಸುತ್ತುತ್ತ ನಾಗನೂರಿಗೆ ಬಂದಾಗ, ಊರ ಅಂಚಿನ ಒಂದು ಗರಸುದಿಬ್ಬದ ಮನೆಯ ಮುಂದೆ ತೆರೆದ ಹಗೇವು ಕಂಡಿತು. ಹಗೇವು ಎಂದರೆ ಜೋಳ ಕೂಡಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ದೊಡ್ಡದು. ಸುಗ್ಗಿಯ ಜೋಳ ತುಂಬುವ ಮೊದಲು ಅದನ್ನು ಬಿಸಿಲಿಗೆ ತೆರೆದಿಟ್ಟಿದ್ದರು. ಒಬ್ಬ ಮುದುಕಿ ಪಕ್ಕದಲ್ಲಿ ಕೂತು ಹಳೆಯ ಕಣಿಕೆ, ಅಂದರೆ ಜೋಳದ ಒಣದಂಟು, ಕೊಡವುತ್ತಿದ್ದರು.

“ಆಯಿ, ಇದು ಯಾರ ಹಗೇವರಿ?”

“ನಂದ. ಆದರ ಇದರಾಗ ಇರೂದು ಮಂದಿ ಜ್ವಾಳ.”

ಕೆಳಗಿನ ಓಣಿಯ ನೆಲ ಎರೆಭೂಮಿ, ಹಸಿ ಹಿಡಿಯುತ್ತದೆ. ಅಲ್ಲಿನವರು ವರ್ಷದ ಜೋಳವನ್ನು ಈ ದಿಬ್ಬದ ಹಗೇವಿನಲ್ಲಿ ತಂದು ಇಡುತ್ತಿದ್ದರು. ತೆಗೆಯುವಾಗ ಕಾಯ್ದುದಕ್ಕೆ ಅಂತ ಒಬ್ಬೊಬ್ಬರೂ ಒಂದಿಷ್ಟು ಜೋಳ ಮುದುಕಿಗೆ ಬಿಡುತ್ತಿದ್ದರು. ಮಗ-ಸೊಸೆ ಇಲ್ಲದ ಆ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳ ಹೊಟ್ಟೆ ನಡೆಯುತ್ತಿದ್ದುದು ಅದರಿಂದಲೇ. ಇದನ್ನೆಲ್ಲ ಅವರು ಕೇಳದೆಯೇ ಹೇಳಿದರು.

“ಇದರ ಫೋಟೋ ತಗೀಬೇಕಾಗೇತಿ ಆಯಿ, ಸಿನಿಮಾಕ್ಕ.”

“ಹಗೇವಿಂದು ತಗದು ಏನ್ ಮಾಡ್ತಿ? ನಂದು ತಗಿ, ಮುದಿಕಿ ಆದರೂ ಹಲ್ಲು ಗಟ್ಟಿ ಅದಾವ,” ಎಂದು ನಕ್ಕರು. ಆಮೇಲೆ ಕಣಿಕೆ ಕೊಡವುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಎಂಥಾ ಸಿನಿಮಾ ತಮ್ಮಾ? ಮಂದಿ ವರ್ಷದ ಕೂಳು ಇದರಾಗ ಇರತೈತಿ. ಇದಕ್ಕ ಕೆಟ್ಟ ಹೆಸರು ಬರಬಾರದು ನೋಡು.”

ದೆವ್ವದ್ದು ಎಂದರೆ ಒಪ್ಪುವುದಿಲ್ಲವೆಂದು ನನಗೆ ಗೊತ್ತಾಯಿತು.

“ದೇವೀದರಿ ಆಯಿ. ಧಾನ್ಯಲಕ್ಷ್ಮಿ ನೆಲದಾಗಿಂದ ಎದ್ದು ಬರತಾಳ.”

ಅವರ ಮುಖ ಅರಳಿತು. “ಹಂಗಾರ ಬರ್ರಿ. ಆಕಿ ನಮ್ಮ ಹಗೇವಿನಾಗ ಇರಾಕೆನ!”

ಗೋಕಾಕಕ್ಕೆ ತಿರುಗಿ ಬರುವಾಗ ತೊಡಕು ಹೊಳೆಯಿತು. ನಟಿಗೆ ಬಿಳಿ ಸೀರೆ ತಂದು ಇಟ್ಟಿದ್ದೆವು. ದೇವಿ ಬಿಳಿ ಸೀರೆ ಉಟ್ಟು ಬಂದರೆ ಮುದುಕಿ ಏನೆನ್ನುತ್ತಾರೆ? ಕ್ಯಾಮೆರಾಮನ್ನರಿಗೆ ಹೇಳಿದೆ. ಅವರು ಕಿಸೆಯಿಂದ ಕೆಂಪು ಗಾಜು ತೆಗೆದು ನನ್ನ ಕೈಗಿಟ್ಟರು.

“ಆ ಕುಂಕುಮದ ಡಬ್ಬಿ ನೋಡು.”

ನೋಡಿದೆ. ಗಾಜಿನೊಳಗಿಂದ ಕುಂಕುಮಕ್ಕೂ ಅದರ ಪಕ್ಕದ ಹಿಟ್ಟಿಗೂ ವ್ಯತ್ಯಾಸ ಕಾಣಲಿಲ್ಲ.

“ಕೆಂಪು ಸೀರಿ ಉಡಸು. ಫಿಲ್ಮಿನಾಗ ಬೆಳ್ಳಗ ಬರತೈತಿ,” ಎಂದರು. ನನ್ನ ಸುಳ್ಳಿಗೆ ಶಾಸ್ತ್ರದ ಬೆಂಬಲ ಸಿಕ್ಕಂತಾಯಿತು. ಬಹಳ ಖುಷಿಪಟ್ಟೆ.

ಚಿತ್ರೀಕರಣದ ದಿನ ಹೋದರೆ ಅಂಗಳ ಸಾರಿಸಿ, ಹಗೇವಿನ ಬಾಯಿಯ ಸುತ್ತ ರಂಗೋಲಿ ಹಾಕಿದ್ದರು. ನಾಲ್ಕು ಮನೆಯ ಹೆಂಗಸರು ಸೇರಿದ್ದರು. ಗೋಕಾಕದ ಗೊಂಬೆ ಮಾಡುವ ಬಡಿಗನೊಬ್ಬನಿಂದ ಮಾಡಿಸಿದ ಚೌಕಟ್ಟಿನಲ್ಲಿ ಕ್ಯಾಮೆರಾವನ್ನು ತಲೆಕೆಳಗಾಗಿ ಬಿಗಿದೆವು. ಹಗೇವಿನೊಳಗೆ ಮೇಲಿನಿಂದಲೇ ಕಣಿಕೆ ಸೂಡು ಇಳಿಬಿಟ್ಟು ಪೇರಿಸಿ, ನಟಿ ನಿಂತರೆ ಎದೆಯ ಮೇಲಿನ ಭಾಗ ಹೊರಗೆ ಇರುವಂತೆ, ಕುಸಿದು ಕುಳಿತರೆ ಪೂರ್ತಿ ಮರೆಯಾಗುವಂತೆ ಮಾಡಿದೆವು. ನಟಿ ಇಳಿಯುವ ಮೊದಲು ಮುದುಕಿ ಎಲ್ಲರನ್ನೂ ತಡೆದು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟರು. ದೀಪ ಆರಲಿಲ್ಲ. “ಗಾಳಿ ಚಲೋ ಐತಿ, ಇಳಿಯವಾ,” ಎಂದರು.

ಆದರೆ ಅವಳನ್ನು ಹಾಗೆಯೇ ಇಳಿಸಲು ಬಿಡಲಿಲ್ಲ. ವಿಧವೆಯಾದ ತಾವು ಹಚ್ಚಬಾರದೆಂದು ಬಾಜೂಮನೆಯ ಸೊಸೆಯನ್ನು ಕರೆದು ಕುಂಕುಮ ಹಚ್ಚಿಸಿದರು, ಉಡಿ ತುಂಬಿಸಿದರು. ಆಮೇಲೆ ಚೀಲದಿಂದ ಭಂಡಾರದ ಅರಿಷಿಣ ತೆಗೆದು, ತಮ್ಮ ಕೈಯಾರೆ ಅವಳ ಹಣೆಗೆ ಅಗಲವಾಗಿ ಬಳಿದು, ಕಾಲಿಗೆ ನಮಸ್ಕಾರ ಮಾಡಿದರು.

ನಟಿ ನನ್ನನ್ನು ಮನೆಯ ಹಿಂದೆ ಕರೆದಳು.

“ಮ್ಯಾಟ್ರಿಕ್, ನಾ ನಾಟಕದಾಗ ರಾಕ್ಷಸಿ ಆಗೇನಿ, ಕುಂಟಣಗಿತ್ತಿ ಆಗೇನಿ. ಉಡಿ ತುಂಬಿಸ್ಕೊಂಡು ದೆವ್ವ ಆಗಿಲ್ಲ. ಆ ಆಯಿಗೆ ಖರೆ ಹೇಳ್ರಿ.”

“ಶಾಟ್ ಆಗಲಿ, ಹೇಳ್ತೇನಿ.”

“ಹೇಳೂ ಮಾರೀನ ಅಲ್ಲ ನಿಮ್ಮದು,” ಎಂದು ಹೋಗಿ ನಿಂತಳು.

ಕ್ಯಾಮೆರಾ ಗರಗರ ಎಂದು ಓಡತೊಡಗಿತು. ನಟಿ ಕಣ್ಣು ಮಿಟುಕಿಸದೆ, ಕೈಗಳನ್ನು ಮೈಗೆ ಅಂಟಿಸಿಕೊಂಡು, ನಿಧಾನವಾಗಿ ಕೆಳಗೆ ಹೋದಳು. ತಲೆ ಮರೆಯಾಗುತ್ತಲೇ ನಾನು ಬುಟ್ಟಿಯಿಂದ ಹೊಟ್ಟು ತೂರಿದೆ. ಅದು ತೇಲುತ್ತ ಬಂದು ಹಗೇವಿನ ಬಾಯೊಳಗೆ ಬಿತ್ತು.

“ದೇವಿ ಎದ್ದು ಬರತಾಳಂದಿ, ಒಳಗ ಹೋದಳಲ್ಲೋ ತಮ್ಮಾ?” ಎಂದು ಮುದುಕಿ ಕೇಳಿದರು.

“ಸಿನಿಮಾದಾಗ ಮ್ಯಾಲ ಬರತಾಳರಿ.”

ಎಲ್ಲರೂ ನಕ್ಕರು. ನಮಗೆ ರೊಟ್ಟಿ, ಪುಂಡಿಪಲ್ಯ ಹಾಕಿ ಕಳಿಸಿದರು. ಊಟ ಮಾಡಿದ ಮೇಲೂ ನಾನು ಖರೆ ಹೇಳಲಿಲ್ಲ.

ಮಳೆಗಾಲವೆಲ್ಲ ಕೊಲ್ಲಾಪುರದಲ್ಲಿ ಜೋಡಣೆಯ ಕೆಲಸ ನಡೆಯಿತು. ಆ ತುಂಡನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ, ತೆಗೆದವರು ನಾವೇ ಆಗಿದ್ದರೂ ಮೈ ಜುಮ್ಮೆಂದಿತು. ಕಪ್ಪು ಆಕಾಶ. ನೆಲದ ಬಾಯಿಂದ ಹೊಟ್ಟು ಉಸಿರಿನಂತೆ ಮೇಲಕ್ಕೆ ಹಾರುತ್ತದೆ. ಅದರ ಹಿಂದೆ ಬಿಳಿ ಸೀರೆಯ ಹೆಂಗಸು ಏಳುತ್ತಾಳೆ. ಮುಖ ಬೆಳ್ಳಗೆ. ಹಣೆ ಬೋಳು. ಕುಂಕುಮವೂ ಇಲ್ಲ, ಭಂಡಾರವೂ ಇಲ್ಲ. ಕೆಂಪು ಗಾಜು ಎರಡನ್ನೂ ಚರ್ಮದ ಬಣ್ಣಕ್ಕೆ ಸೇರಿಸಿಬಿಟ್ಟಿತ್ತು. ಹಿಂದೆ ಮನೆಯ ಬಾಗಿಲು, ಕಟ್ಟೆ, ಬೇವಿನ ಗಿಡ, ನೋಡಿದವರು ತಕ್ಷಣ ಗುರುತಿಸುವಷ್ಟು ಸ್ಪಷ್ಟವಾಗಿದ್ದವು.

ಮಾಲೀಕರು ದೀಪ ಹಚ್ಚಿಸಿ ಕೇಳಿದರು. “ಆ ಆಯಿಗೆ ಗೊತ್ತೈತೇನೋ ಇದು ಹಿಂಗ ಬಂದೈತಂತ?”

“ಇಲ್ಲರಿ.”

“ಹೋಗಿ ಹೇಳಿ ಬಾ. ಒಲ್ಲೆ ಅಂದರ ಕತ್ತರಸಿ ಒಗಿಯೂಣು. ಮಂದಿ ಕೂಳಿನ ಜಾಗಾ ಅದು.”

ಮಾಲೀಕರು ಒರಟು ಮನುಷ್ಯ, ಆದರೆ ಈ ಮಾತು ಅವರು ಹೇಳಿದ್ದು ನಿಜ. ಅವರ ಮೇಲೆ ತಪ್ಪು ಹೊರಿಸಿ ನಾನು ಪಾರಾಗುವಂತಿಲ್ಲ.

ಬಸ್ಸಿನಲ್ಲಿ ಮೂಡಲಗಿಗೆ ಹೋಗಿ ನಾಗನೂರಿಗೆ ನಡೆದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ದಿಬ್ಬದ ಕೆಳಗೆ ನಿಂತು ನೋಡಿದಾಗ ಮುದುಕಿ ಅಂಗಳದಲ್ಲಿದ್ದರು. ಹಗೇವಿಗೆ ಜೋಳ ತುಂಬಿ, ಬಂಡೆ ಮುಚ್ಚಿ, ಮಣ್ಣು ಮೆತ್ತಿ ಆಗಿತ್ತು. ಮಳೆಗೆ ಬಿರುಕು ಬಿಟ್ಟ ಕಡೆ ಸೆಗಣಿ ಸವರುತ್ತಿದ್ದರು. ಸವರಿ, ಹಿಂದೆ ಸರಿದು ನೋಡಿ, ಮತ್ತೆ ಸವರುತ್ತಿದ್ದರು.

ಹೇಳಿದರೆ ಖಂಡಿತ ಒಲ್ಲೆ ಎನ್ನುತ್ತಾರೆ. ಆ ತುಂಡು ಹೋದರೆ ಚಿತ್ರದಲ್ಲಿ ಉಳಿಯುವುದು ಜ್ವರ ಬಂದ ಗುಮ್ಮಟ. ಚಿತ್ರ ಹೋದರೆ ಕ್ಯಾಮೆರಾಮನ್ ನನ್ನನ್ನು ಕರೆದೊಯ್ಯುವುದಿಲ್ಲ. ನಾನು ತಂಬಿನಲ್ಲಿಯೇ ಮುದುಕನಾಗುತ್ತೇನೆ. ಇಷ್ಟು ಲೆಕ್ಕ ಹಾಕಿ, ದಿಬ್ಬ ಹತ್ತದೆ ತಿರುಗಿದೆ. ಮೂಡಲಗಿಯಲ್ಲಿ ಚಹಾ ಕುಡಿದು, ಬಸ್ಸು ಹತ್ತಿ ಗೋಕಾಕಕ್ಕೆ ಬಂದೆ.

“ಏನಂದಳು?” ಎಂದು ಮಾಲೀಕರು ಕೇಳಿದರು.

“ಹೂಂ ಅಂದರು,” ಎಂದೆ.

ದೀಪಾವಳಿಯ ನಂತರ ತಂಬು ಮೂಡಲಗಿಗೆ ಬಂತು. ಚಕ್ಕಡಿಯ ಮೇಲೆ ಕೂಗುವ ತಗಡಿನ ಕರಣಿ ಬಾಯಿಗೆ ಹಿಡಿದು ಹಳ್ಳಿಹಳ್ಳಿಗೆ ದೆವ್ವದ ಚಿತ್ರವೆಂದು ಸಾರಿಸಿದೆವು. ಮಾಲೀಕರು ಆ ದಿನ ಗೋಕಾಕದಲ್ಲಿದ್ದರು. ದೀಪ ಹಚ್ಚುವ ಹೊತ್ತಿನ ಆಟಕ್ಕೆ ನಾಗನೂರಿನ ಹೆಂಗಸರ ಒಂದು ಚಕ್ಕಡಿ ಬಂದು ನಿಂತಿತು. ಮೊದಲು ಇಳಿದವರು ಆ ಮುದುಕಿ. ತೊಳೆದ ಸೀರೆ ಉಟ್ಟಿದ್ದರು. ಕೈಯಲ್ಲಿ ತೆಂಗಿನಕಾಯಿ.

“ತಮ್ಮಾ, ದೆವ್ವದ ಸಿನಿಮಾ ಅಂತ ಸಾರಾಕತ್ತಾರಲ್ಲೋ. ಕಡೀಕ ನಮ್ಮ ದೇವಿ ಎದ್ದು ಬಂದು ದೆವ್ವಾ ಓಡಸ್ತಾಳ, ಹೌದಲ್ಲೋ?”

ನಾನು ಹೌದೆಂದು ತಲೆಯಾಡಿಸಿದೆ.

“ನಾ ಹೇಳಲಿಲ್ಲೇನ?” ಎಂದು ಅವರು ಉಳಿದವರ ಕಡೆ ತಿರುಗಿ, “ಆಕಿ ಬಂದಾಗ ಕಾಯಿ ಒಡೀತೇನಿ,” ಎಂದರು.

ನಮ್ಮಲ್ಲಿ ಇದ್ದುದು ಒಂದೇ ಪ್ರೊಜೆಕ್ಟರ್. ಕೊನೆಯ ರೀಲಿಗೆ ಮೊದಲು ಆಟ ನಿಲ್ಲುತ್ತಿತ್ತು. ರೀಲು ನನ್ನ ತೊಡೆಯ ಮೇಲೆ ಇತ್ತು. ಕತ್ತರಿ, ಅಂಟು, ಎಲ್ಲ ಪಕ್ಕದಲ್ಲಿಯೇ. ಫಿಲ್ಮು ಹರಿದಾಗ ಕತ್ತರಿಸಿ ಅಂಟಿಸುವುದು ನನ್ನ ದಿನದ ಕೆಲಸ. ಆ ತುಂಡನ್ನು ಹುಡುಕಿ ತೆಗೆಯಲು ಒಂದು ಬೀಡಿ ಸೇದುವಷ್ಟು ಹೊತ್ತು ಸಾಕಾಗಿತ್ತು. ಕತ್ತರಿ ಕೈಗೆ ತೆಗೆದುಕೊಂಡೆ. ಮಂದಿ ಸಿಳ್ಳೆ ಹಾಕತೊಡಗಿದರು. ಕತ್ತರಿ ಕೆಳಗಿಟ್ಟು ರೀಲು ಏರಿಸಿದೆ.

ಬಿಳಿ ಸೀರೆ ಮೇಲೇಳುತ್ತಲೇ ಮಕ್ಕಳು ಕಿರುಚಿದರು. ಗಂಡಸರ ಕಡೆಯಿಂದ ಒಬ್ಬ ಎದ್ದು ನಿಂತು, “ಏ, ಇದು ನಾಗನೂರ ದಿಬ್ಬದ ಹಗೇವಲೇ! ನಮ್ಮ ಜ್ವಾಳ ಇಟ್ಟದ್ದು ಇದರಾಗನ!” ಎಂದು ಕೂಗಿದ. ಕೆಲವರು ನಕ್ಕರು. “ಇಷ್ಟು ದಿನ ಆಕಿ ಎಂಜಲಾ ಉಂಡ್ರೆಪಾ!” ಎಂದು ಇನ್ನೊಬ್ಬ ಹೇಳಿದ. ಪ್ರೊಜೆಕ್ಟರಿನ ಕಿಂಡಿಯಿಂದ ನನಗೆ ಮುದುಕಿಯ ಬೆನ್ನು ಮಾತ್ರ ಕಾಣುತ್ತಿತ್ತು. ಕದಲದೆ ಕೂತಿದ್ದರು. ಆಟ ಮುಗಿದ ಮೇಲೆ ಗೇಟಿನವನ ಹತ್ತಿರ ನನ್ನನ್ನು ಕೇಳಿದರಂತೆ. ನಾನು ಕರೆಂಟಿನ ಇಂಜಿನ್ನಿನ ಹಿಂದೆ ಕೂತಿದ್ದೆ. ತೆಂಗಿನಕಾಯಿ ಹಿಡಿದುಕೊಂಡೇ ಚಕ್ಕಡಿ ಹತ್ತಿದರು.

ಮುಂದಿನದನ್ನು ಆ ಚಕ್ಕಡಿಯವನು ಬಂದು ಹೇಳಿದ. ಮರುದಿನವೇ ಕೆಳಗಿನ ಓಣಿಯವರು ಚೀಲ ಹಿಡಿದು ಬಂದರು. ಯಾರೂ ಜಗಳ ಮಾಡಲಿಲ್ಲ. ಮಕ್ಕಳು ಹೆದರತಾವ ಎಂದು ಮಾತ್ರ ಹೇಳಿದರು. ಹಗೇವನ್ನು ಒಮ್ಮೆ ತೆರೆದರೆ ಪೂರ್ತಿ ತೆಗೆಯಲೇಬೇಕು. ಮುದುಕಿಯೇ ಕಂದೀಲು ಇಳಿಸಿ ಗಾಳಿ ನೋಡಿ, ಎಲ್ಲರ ಜೋಳವನ್ನೂ ಅಳೆದು ಕೊಟ್ಟರಂತೆ. ಕಾಯ್ದುದರ ಪಾಲು ಬಿಡಲು ಬಂದವರಿಂದ ಅದನ್ನು ತೆಗೆದುಕೊಳ್ಳಲಿಲ್ಲವಂತೆ. ಮುಂದಿನ ಸುಗ್ಗಿಗೆ ಆ ಹಗೇವಿಗೆ ಯಾರೂ ಜೋಳ ತರಲಿಲ್ಲ. ಅದರ ಮುಂದಿನ ಸುಗ್ಗಿಗೂ ಇಲ್ಲ.

ಚಿತ್ರ ನಡೆಯಿತು. ಹುಕ್ಕೇರಿಯಲ್ಲಿ ತಂಬಿನ ಹೊರಗೂ ಮಂದಿ ನಿಂತಿದ್ದರು. ಕ್ಯಾಮೆರಾಮನ್ ಮಾತಿನಂತೆ ನನ್ನನ್ನು ಕರೆದುಕೊಂಡು ಹೋದರು.

ಎರಡು ವರ್ಷದ ನಂತರ ರಜೆಗೆ ಬಂದವನು ಬಸ್ಸಿನಲ್ಲಿ ಹೋಗುತ್ತಿದ್ದೆ. ಅರಭಾವಿಯಲ್ಲಿ ಬಸ್ಸು ನಿಂತಿತು. ಹೊಲದ ಕೂಲಿ ಮುಗಿಸಿ ಬಂದ ಹೆಂಗಸರ ಗುಂಪಿನಲ್ಲಿ ಆ ಮುದುಕಿ ಇದ್ದರು. ತಲೆಯ ಮೇಲೆ ಹುಲ್ಲಿನ ಹೊರೆ. ನಾನು ಮುಖ ಆ ಕಡೆ ತಿರುಗಿಸಿದೆ. ಅವರು ಕಿಟಕಿಯ ಹತ್ತಿರ ಬಂದರು.

“ತಮ್ಮಾ, ನೀನ ಹೌದಲ್ಲೋ? ಕೊಲ್ಲಾಪುರದಾಗ ಅದಿಯಂತ. ಚಲೋ ಆತು.” ಬೈಯುತ್ತಾರೆಂದು ಕಾದೆ. ಅವರು ದನಿ ತಗ್ಗಿಸಿದರು. “ಒಂದು ಕೇಳತೇನಿ, ಹೇಳು. ನಾ ಆ ಹುಡುಗಿ ಹಣಿಗೆ ಇಷ್ಟಗಲ ಭಂಡಾರ ಹಚ್ಚಿದ್ನಿ. ಮ್ಯಾಲ ಬರೂವಾಗ ಇರಲಿಲ್ಲ. ದೇವಿ ನನ್ನ ಕೈಯಾಂದು ಯಾಕ ಒಲ್ಲೆಂದಳು? ನನ್ನ ಕಡಿಂದ ಏನ್ ತಪ್ಪಾತು?”

ಎರಡು ವರ್ಷ ಅವರು ಇದನ್ನು ಹೊತ್ತುಕೊಂಡು ತಿರುಗಿದ್ದರು. ನಮ್ಮ ಮೋಸವೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ದೇವಿಯೇ ಎದ್ದು ಬಂದಿದ್ದಳು, ತಮ್ಮ ಕೈಯ ಭಂಡಾರವನ್ನು ಒರೆಸಿಕೊಂಡು ದೆವ್ವವಾಗಿ ಬಂದಿದ್ದಳು, ಎಂದು ತಿಳಿದಿದ್ದರು. ಜೋಳ ಹೋದದ್ದು, ಕೂಲಿಗೆ ಬಂದದ್ದು, ಎಲ್ಲವೂ ಅದರ ಶಿಕ್ಷೆ ಎಂದು ಒಪ್ಪಿಕೊಂಡಿದ್ದರು. ನಾನು ಬಾಯಿ ತೆರೆದೆ. ಬಸ್ಸಿನಲ್ಲಿ ಪರಿಚಯದವರಿದ್ದರು. ಎಲ್ಲರೂ ಕೇಳುತ್ತಿದ್ದರು. ಕಂಡಕ್ಟರ್ ಗಂಟೆ ಹೊಡೆದ. “ಏನಿಲ್ಲ ಬಿಡ್ರಿ ಆಯಿ,” ಎಂದೆ. ಬಸ್ಸು ಹೊರಟಿತು.

ಆಮೇಲೆ ನಾಗನೂರಿಗೆ ಹೋದಾಗ ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಅಷ್ಟು ದಿನವೂ ಆಯಿ ಎಂದೇ ಕರೆದಿದ್ದೆ. ಹೆಸರು ಕೇಳಿರಲಿಲ್ಲ. ಮೊಮ್ಮಗನನ್ನು ಕೇಳಿ ತಿಳಿದುಕೊಂಡೆ. ಅವನಿಗೂ ನಾನು ಯಾರೆಂದು ಹೇಳಲಿಲ್ಲ.

ಭಂಡಾರ ಹಣೆಯ ಮೇಲೆಯೇ ಇತ್ತು. ಯಾರೂ ಒಲ್ಲೆ ಎಂದಿರಲಿಲ್ಲ. ಅದು ಕಾಣದಂತೆ ಮಾಡಿದ್ದು ಒಂದು ಕೆಂಪು ಗಾಜು, ಮತ್ತು ನಾನು. ಇಷ್ಟನ್ನು ಅರಭಾವಿಯ ಬಸ್ಸಿನ ಕಿಟಕಿಯಿಂದ ಹೇಳಬೇಕಾಗಿತ್ತು. ಯಾರಿಗೆ ಹೇಳಬೇಕಾಗಿತ್ತೋ ಅವರ ಹೆಸರು ಮಾಳವ್ವ.